ಹೇಳಿಕಳಿಸಿದ್ದು

ಮಂಗಳವಾರ ಚೆಲಿನ್, ಬುಧವಾರ ಕೇವಿ,
ಗುರುವಾರ, ಗಾಳಿ ಒಪ್ಪಿದರೆ, ಅಲಾವೊ.
ಡೀಸೆಲ್ ಡಬ್ಬ, ಹಿಟ್ಟಿನ ಮೂಟೆ, ಕೋಳಿಮರಿಯ ಪೆಟ್ಟಿಗೆ,
ಇವುಗಳ ಸಂದಿಯಲ್ಲಿ ಟಾರ್ಪಾಲು ಸುತ್ತಿದ
ನಲವತ್ತು ಪುಸ್ತಕ.
ಆಚಾವೊ ಲೈಬ್ರರಿಯ ನೋಲ್ಫಾ ಎಣಿಸಿ ಕೊಡುತ್ತಾಳೆ,
ಎಣಿಸಿ ತಗೊಳ್ಳುತ್ತಾಳೆ.
ನಾನು ದೋಣಿಯವನು. ಓದುವವನಲ್ಲ.

ಆದರೆ ಪುಸ್ತಕದ ಜೊತೆ ಮಾತೂ ಹತ್ತಿ ಕೂರುತ್ತದಲ್ಲ,
ಅದಕ್ಕೆ ನೋಲ್ಫಾಳ ಖಾತೆಯಲ್ಲಿ ಕಾಲಮ್ಮಿಲ್ಲ.

ಚೆಲಿನ್‌ನ ಎರ್ಸಿರಾ ಮೊಣಕಾಲುದ್ದ ನೀರಿಗಿಳಿದು
ಪುಸ್ತಕ ನೀಡುತ್ತ ಹೇಳಿದಳು:
'ಅಲಾವೊದ ಮೇಷ್ಟ್ರಿಗೆ ಹೇಳು,
ಆ ಗಡಿಯಾರ ರಿಪೇರಿಯವ ಶುದ್ಧ ಹೇಡಿ.
ಹೆಂಡತಿ ಬರೆದ ಕಾಗದ ಒಡೆಯದೇ ಇಡ್ತಾನೆ,
ಇನ್ನೂರು ಪುಟ! ನಾನಾಗಿದ್ರೆ
ಮೂರನೇ ಪುಟಕ್ಕೇ ಒಲೆಗೆ ಹಾಕ್ತಿದ್ದೆ.
ಕಾಗದವನ್ನಲ್ಲ, ಅವನನ್ನ.'

ಮೇಷ್ಟ್ರು ಬಾರಿಯಾ ಕನ್ನಡಕ ಒರೆಸಿಕೊಂಡರು.
'ಹೇಡಿಯಲ್ಲ ಅಂತ ಹೇಳಪ್ಪ. ಒಡೆದರೆ
ಅವಳ ಮಾತು ಅಲ್ಲಿಗೆ ಮುಗೀತು. ಒಡೆಯದಿದ್ದರೆ
ಅವಳಿನ್ನೂ ಮಾತಾಡ್ತಾನೇ ಇರ್ತಾಳೆ, ಪೆಟ್ಟಿಗೆಯೊಳಗೆ.'
ಅಷ್ಟುದ್ದ ನನಗೆ ನೆನಪಿರಲಿಲ್ಲ.
'ಹೇಡಿಯಲ್ಲವಂತೆ' ಎಂದೆ.
ಎರ್ಸಿರಾ ಉಗುಳಿದಳು,
ಸಮುದ್ರಕ್ಕೆ, ನನ್ನ ಮೇಲಲ್ಲ.

ಗಂಡಹೆಂಡಿರ ಜಗಳವಾದರೆ ಉಂಡು ಮಲಗಿದರೆ ಮುಗಿಯಿತು,
ಓದಿದವರದು ಉಂಡ ಮೇಲೇ ಶುರು.
ಅದೇ ಪುಸ್ತಕ ಮೂರು ಸಲ ಆಚೆ ಹೋಯಿತು, ಮೂರು ಸಲ ಈಚೆ.
ಸಾಕ್ಷಿಗೆಂದು ಪುಟ ಮಡಚಿದರು:
ಮೇಲಿನ ಕಿವಿ ಮೇಷ್ಟ್ರದು, ಕೆಳಗಿನದು ಎರ್ಸಿರಾಳದು.

ಕೇವಿಯ ರುದೆಸಿಂದೊಗೆ ಓದಲು ಬಾರದು.
ಮೊಮ್ಮಗಳು ಓದುತ್ತಾಳೆ, ಮುದುಕ ಬಲೆ ಹೆಣೆಯುತ್ತಾನೆ.
ಅವನ ಅಭಿಪ್ರಾಯ ಯಾವಾಗಲೂ ಒಂದೇ:
'ಚೆನ್ನಾಗಿದೆ. ಬರೆದವನಿಗೆ ಮೀನಿನ ವಿಷಯ ಗೊತ್ತಿಲ್ಲ.'
ಮೀನೇ ಇಲ್ಲದ ಪುಸ್ತಕಕ್ಕೂ.

ಹೀಗೆ ಹನ್ನೊಂದು ವರ್ಷ.
ಯಾವ ವಿಧವೆ ಯಾರನ್ನು ಕಟ್ಟಿಕೊಳ್ಳಬಾರದಿತ್ತು,
ಯಾವ ಕೊಲೆಗಾರ ಮೊದಲ ಅಧ್ಯಾಯದಲ್ಲೇ ಸಿಕ್ಕಿಬೀಳಬೇಕಿತ್ತು,
ಎಲ್ಲ ನನಗೆ ಬಾಯಿಪಾಠ.
ಒಂದು ಪುಟವನ್ನೂ ತಿರುವದೆ.

ಜೂನ್ ಚಳಿ. ರೇಡಿಯೊ ಹೇಳಿತು: ಬಂದರು ಬಂದ್.
ಅಲಾವೊದ ಕೊಲ್ಲಿಯಲ್ಲಿ ಮೂರು ರಾತ್ರಿ,
ಹಗ್ಗ ಕಿರುಗುಟ್ಟುತ್ತಿತ್ತು, ಕೋಳಿಮರಿಗಳು ನಿದ್ದೆ ಬಿಟ್ಟಿದ್ದವು.
ಲಾಟೀನು ಹತ್ತಿರಕ್ಕೆಳೆದುಕೊಂಡು
ಆ ಹೇಡಿಯನ್ನು ಹುಡುಕುತ್ತ ಕೂತೆ.
ಬೆರಳಿಟ್ಟು, ತುಟಿಯಾಡಿಸಿ, ಶಾಲೆ ಬಿಟ್ಟ ಹುಡುಗನ ಹಾಗೆ.

ಹೇಡಿ ಸಿಗಲಿಲ್ಲ.
ಪೆಟ್ಟಿಗೆಯೊಳಗೆ ಮಾತಾಡುವ ಹೆಂಡತಿಯೂ ಸಿಗಲಿಲ್ಲ.
ಸಿಕ್ಕವನು, ಯಾರೂ ಮಡಚದ ಪುಟಗಳಲ್ಲಿ,
ಒಬ್ಬ ಅಂಚೆಯವನು.
ಹೊಳೆ ದಾಟಿ ಬರುತ್ತಾನೆ, ಚೀಲ ಎದೆಗವಚಿ.
ಕಾಗದ ಕೊಡುತ್ತಾನೆ. ಹೋಗುತ್ತಾನೆ.
ಒಂಬತ್ತು ಸಲ. ಎಣಿಸಿದೆ.
ಏಳು ಸಲ ಮಳೆಯಲ್ಲಿ.
ಒಳಗೆ ಬಾ ಅಂತ ಯಾರೂ ಅನ್ನುವುದಿಲ್ಲ,
ಬರೆದವನೂ ಅವನಿಗೊಂದು ಹೆಸರಿಟ್ಟಿಲ್ಲ.

ಮಂಗಳವಾರ ಎರ್ಸಿರಾ ನೀರಿಗಿಳಿದಳು.
'ಏನಂದರು ನಿನ್ನ ಮೇಷ್ಟ್ರು?'
ಮೇಷ್ಟ್ರು ಏನೂ ಅಂದಿರಲಿಲ್ಲ. ಜ್ವರ ಬಂದು ಮಲಗಿದ್ದರು.
ಇಂಜಿನ್ ಆರಿಸಿದೆ.
'ಮೇಷ್ಟ್ರು ಅಂದರು,
ಆ ಅಂಚೆಯವನಿಗೆ ಒಂದು ಲೋಟ ಬಿಸಿಯಾಗಿ ಏನಾದರೂ
ಕೊಡಬೇಕಿತ್ತು ಅಂತ.'

'ಯಾವ ಅಂಚೆಯವನು?'

ಸುಮ್ಮನಿದ್ದೆ. ದೋಣಿ ಅಲ್ಲಾಡುತ್ತಿತ್ತು.
ಅವಳು ನನ್ನ ಒದ್ದೆ ಕೋಟನ್ನೇ ನೋಡಿದಳು, ಸ್ವಲ್ಪ ಹೊತ್ತು.
ಆಮೇಲೆ ಕೈಚಾಚಿ, ಟಾರ್ಪಾಲು ಸರಿಸಿ,
ಆ ಪುಸ್ತಕವನ್ನೇ ಎತ್ತಿ, ಏಪ್ರನ್ನಿಗೆ ತುರುಕಿ
ದಡ ಹತ್ತಿದಳು.

ಈ ವಾರ ಮೂವತ್ತೊಂಬತ್ತು.
ನೋಲ್ಫಾ ಕೇಳುತ್ತಾಳೆ.